ಒಬ್ಬೊಬ್ಬ ಸಾಹೇಬರಿಗೆ ಒಂದೊಂದು ಗೊನೆ

ನಮ್ಮ ತೋಟಗಾರಿಕೆ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಮೊನ್ನೆ ಸವಣೂರಿನ ನಮ್ಮ ಮನೆಗೆ ಬಂದಿದ್ದರು. ಊರಿನ ಖಾರದ ತಿಂಡಿ ತಿಂದು, ಚಹಾ ಕುಡಿದು, "ಸರ್, ಈ ಕೆಲಸ ಹೆಂಗಿರತೈತ್ರಿ?" ಎಂದು ಕೇಳಿದರು. ಸಸಿ ಬೆಳೆಸುವುದು, ಹಂಚುವುದು, ನೆಡಿಸುವುದು, ನೆಟ್ಟ ಸಸಿ ಯಾಕೆ ಸತ್ತಿತು ಎಂದು ಮೇಲಿನವರಿಗೆ ವಿವರಿಸುವುದು, ಇಷ್ಟೇ ಎಂದೆ. ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಮೊದಲಿನವಕ್ಕೆಲ್ಲ ತರಬೇತಿ ಕೊಡುತ್ತಾರೆ. ಕೊನೆಯದನ್ನು ನಾವೇ ಕಲಿಯಬೇಕು, ಸಂಬಳ ಬರುವುದೂ ಹೆಚ್ಚಾಗಿ ಅದಕ್ಕೇ.

ಅವರು ಹೋದ ಮೇಲೆ ಸರಿಯಾಗಿ ಹೇಳಲಿಲ್ಲವಲ್ಲ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಸಂಗತಿ ಬರೆಯುವುದಿಲ್ಲ. ಅದು ಬಂದಾಗ ನನ್ನ ಹೆಂಡತಿಗೇ ಆಶ್ಚರ್ಯವಾಗಲಿಲ್ಲ, ನಿಮಗೇನು ಆದೀತು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ನಡುವೆ ನನ್ನನ್ನು ಪಗಡೆಯ ಕಾಯಿಯ ಹಾಗೆ ನಡೆಸಿದರು. ಎಲ್ಲ ಕಡೆಯೂ ನನ್ನ ಬೆನ್ನು ಬಿಡದೆ ಬಂದದ್ದು ಎಂದರೆ ಒಂದು ಬಗನಿ ಮರ, ಇನ್ನೊಂದು ಹೊಸಮನಿ ಸಾಹೇಬರು. ಈ ಎರಡರ ಬಗ್ಗೆ ಹೇಳಿದರೆ ನೌಕರಿಯ ಬಗ್ಗೆ ಹೇಳಿದಂತೆಯೇ.

ಬಗನಿ ಗೊತ್ತಲ್ಲ, ಕೆಲವರು ಬೈನೆ ಎನ್ನುತ್ತಾರೆ. ದೂರದಿಂದ ನೋಡಿದರೆ ತೆಂಗಿನ ತಮ್ಮ. ಹತ್ತಿರ ಹೋದರೆ ಎಲೆಯ ತುದಿ ಮೀನಿನ ಬಾಲದಂತೆ ಹರಿದಿರುತ್ತದೆ. ನೀರು ಕೊಡಿ ಎನ್ನುವುದಿಲ್ಲ, ಗೊಬ್ಬರ ಹಾಕಿ ಎನ್ನುವುದಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಕಟ್ಟಿದವರು ಬೆಳೆದ ಬಗನಿಯನ್ನು ನೋಡಿರಲಿಲ್ಲ ಎಂದು ಕಾಣುತ್ತದೆ. ಎಳೆಯದಾಗಿದ್ದಾಗ ಕಾದರೆ ಸಾಕು, ಎದೆಯುದ್ದ ಬಂದ ಮೇಲೆ ಅದರ ಗೋಜಿಗೆ ಯಾರೂ ಹೋಗುವುದಿಲ್ಲ. ಸರ್ಕಾರಿ ಜಾಗದಲ್ಲಿ ನೆಡಲು ಇದಕ್ಕಿಂತ ಯೋಗ್ಯವಾದ ಮರ ಇನ್ನೊಂದಿಲ್ಲ.

ಹಿರೇಕೆರೂರಿನಲ್ಲಿದ್ದಾಗ ಹಂಸಭಾವಿ ದಾರಿಯ ಬದಿಗೆ ಅಲಂಕಾರದ ಮರ ನೆಡಬೇಕೆಂದು ಆದೇಶ ಬಂತು. ಮರ ಚಂದ ಇರಬೇಕು, ಗಟ್ಟಿ ಇರಬೇಕು, ನೀರು ಬೇಡಬಾರದು. ಹೊಸಮನಿ ಸಾಹೇಬರು ನನ್ನ ಮೇಲಧಿಕಾರಿಯಾಗಿ ಆಗಷ್ಟೇ ಬಂದಿದ್ದರು. ಗರಿಗರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಎರಡರಲ್ಲೂ ಶಾಯಿ ಇಲ್ಲ. ಸಹಿ ಮಾಡುವಾಗ ನನ್ನದನ್ನು ಇಸಿದುಕೊಳ್ಳುತ್ತಿದ್ದರು. ನಾನು ಬಗನಿ ನೆಡೋಣ ಎಂದೆ.

"ಆಚಾರ್ಯರ, ತಲಿ ನೆಟ್ಟಗ ಐತಿಲ್ಲೋ? ಬಗನಿ ಅಂತ ಬರದು ಕಳಿಸಿದ್ರ ಮ್ಯಾಲಿನವ್ರು ನಗತಾರ. ಬಗನಿ ಗೂಟ ಅಂದ್ರ ನಮ್ಮ ಕಡೆ ಏನಂತಾರ, ನಿಮಗ ಗೊತ್ತಿಲ್ಲೇನು?"

ಗೊತ್ತಿತ್ತು. ನಂಬಿದವನಿಗೆ ಹಿಂದಿನಿಂದ ಕೈಕೊಟ್ಟರೆ ಬಗನಿ ಗೂಟ ಇಟ್ಟ ಎನ್ನುವುದು ನಮ್ಮ ಕಡೆಯ ರೂಢಿ. ಇಲಾಖೆಯಲ್ಲಿ ಆ ಮಾತನ್ನು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದೆವು. ಕೊನೆಗೆ ಕಡತದಲ್ಲಿ ಫಿಶ್‌ಟೇಲ್ ಪಾಮ್ ಎಂದು ಬರೆದೆವು. ಅದೇ ಮರ, ಅದೇ ಸಸಿ. ವಾರದೊಳಗೆ ಮಂಜೂರಾಯಿತು. ನೆಟ್ಟ ಮೇಲೆ ಮೇಲಿನಿಂದ ಬಂದ ಒಬ್ಬ ದೊಡ್ಡ ಅಧಿಕಾರಿ ಕಾರು ನಿಲ್ಲಿಸಿ, "ಭಾಳ ಚಂದ ಅದಾವ. ಎಲ್ಲಿಂದ ತರಿಸಿದ್ರಿ?" ಎಂದರು. ಹಾನಗಲ್ಲ ಕಡೆಯ ತೋಟದ ಬದುವಿನಿಂದ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೊಸಮನಿ ಸಾಹೇಬರು, "ಹೊರಗಿಂದ ತರಿಸೇವ್ರಿ ಸರ್" ಎಂದುಬಿಟ್ಟರು. ಸುಳ್ಳಲ್ಲ. ತಾಲ್ಲೂಕಿನ ಹೊರಗಿಂದಲೇ ತಂದಿದ್ದೆವು. ಹೊಸಬರು ಇದನ್ನು ಗಮನಿಸಬೇಕು. ಸುಳ್ಳು ಹೇಳುವವನು ಈ ನೌಕರಿಯಲ್ಲಿ ಬಹಳ ದಿನ ಬಾಳುವುದಿಲ್ಲ, ನಿಜವನ್ನು ಅರ್ಧಕ್ಕೆ ನಿಲ್ಲಿಸುವವನು ಬಾಳುತ್ತಾನೆ.

ಮುಂದೆ ಶಿಗ್ಗಾವಿಗೆ ಹೋದೆ. ಸ್ವಲ್ಪ ದಿನದಲ್ಲಿ ಸಾಹೇಬರೂ ಅಲ್ಲಿಗೇ ಬಂದರು. ದುಂಡಸಿಯಲ್ಲಿ ರೈತರ ಒಂದು ಸಭೆ ಇಟ್ಟುಕೊಂಡೆವು. ಮದುವೆಯ ಹಂದರಕ್ಕೆ ಬಗನಿ ಎಲೆ ಕಟ್ಟಿ, ಅದರ ಎಳೆಯ ಹೂಗೊನೆಯನ್ನು ಜಡೆಯಂತೆ ಇಳಿಬಿಡುವುದುಂಟಲ್ಲ, ಹಾಗೆಯೇ ನಮ್ಮ ಬಾಗಿಲಿಗೂ ಕಟ್ಟಿಸೋಣ ಎಂದು ಸಾಹೇಬರಿಗೆ ಹೊಳೆಯಿತು. ಒಳ್ಳೆಯದೇ. ಆದರೆ ಹಸಿರು ಗೊನೆ ಅವರ ಕಣ್ಣಿಗೆ ಸಪ್ಪೆ ಕಂಡಿತು. "ಕೆಂಪಗ ಹಣ್ಣಾಗಿದ್ದು ತರಿಸ್ರಿ, ಫೋಟೋದಾಗ ಎದ್ದು ಕಾಣತೈತಿ" ಎಂದರು.

ಬಗನಿ ಹಣ್ಣಿನ ರಸ ಮೈಗೆ ತಾಗಿದರೆ ತುರಿಕೆ. ನಾನು ಹೇಳಿದೆ. "ಹಣ್ಣು ತಿನ್ನಾಕ ಯಾರು ಹೇಳ್ಯಾರ, ನೋಡಾಕ ಕಟ್ಟೋದು" ಎಂದರು ಸಾಹೇಬರು. ಮುಖ್ಯ ಅತಿಥಿಗಳು ಬಂದರು, ಬಾಗಿಲಲ್ಲಿ ನಿಂತರು, ಫೋಟೋ ತೆಗೆಸಿಕೊಂಡರು. ಹಣ್ಣಿನ ಬಣ್ಣಕ್ಕೆ ಮನಸೋತು ಎರಡು ಕಿತ್ತು ಅಂಗೈಯಲ್ಲಿ ಹೊಸಕಿದರು. ಆಮೇಲೆ ಬೆವರು ಒರೆಸಿಕೊಳ್ಳಲು ಅದೇ ಕೈಯನ್ನು ಕುತ್ತಿಗೆಗೆ ಒಯ್ದರು. ಅತಿಥಿಗಳ ಭಾಷಣ ಅಷ್ಟು ಚಿಕ್ಕದಾಗಿ ಮುಗಿದದ್ದನ್ನು ಜನ ಅದೇ ಮೊದಲು ನೋಡಿದ್ದು. ಚಪ್ಪಾಳೆ ನಿಲ್ಲಲೇ ಇಲ್ಲ. ಹಿಂದಿನ ಸಾಲಿನಲ್ಲಿದ್ದ ಅಜ್ಜನೊಬ್ಬ, "ಇಂಥಾ ಭಾಷಣ ಮಾಡೋರನ್ನ ವರ್ಷಾ ಕರಸ್ರಿ" ಎಂದ.

ಅದರ ಮರುವಾರ ಸಾಹೇಬರು ಒಂದು ಆದೇಶ ಹೊರಡಿಸಿದರು. ಇನ್ನು ಮುಂದೆ ಕಾರ್ಯಕ್ರಮಗಳಲ್ಲಿ ಯಾವುದೇ ಹಣ್ಣನ್ನು ಬಳಸತಕ್ಕದ್ದಲ್ಲ. ಆದೇಶದಲ್ಲಿ ಬಗನಿಯ ಹೆಸರು ಹಾಕಲು ಅವರಿಗೆ ನಾಚಿಕೆ. ಹೀಗಾಗಿ ಅತಿಥಿಗಳಿಗೆ ಕೊಡುವ ಹಣ್ಣಿನ ಬುಟ್ಟಿಯೂ ನಿಂತಿತು. ಅಂದಿನಿಂದ ನಾವು ಬಂದವರನ್ನು ಬದನೆಕಾಯಿ, ನವಿಲುಕೋಸು ಕೊಟ್ಟು ಸ್ವಾಗತಿಸಿದೆವು. ಜನ ಅದನ್ನು ಇಲಾಖೆಯ ಹೊಸ ವಿಚಾರ ಎಂದು ಮೆಚ್ಚಿಕೊಂಡರು.

ಬಗನಿಯನ್ನು ನನಗೆ ನಿಜವಾಗಿ ಪರಿಚಯಿಸಿದವರು ತಿಳವಳ್ಳಿಯ ಗೌಡರು. ದೊಡ್ಡ ಹೊಲಮನೆಯವರು, ಮಾತು ಕಡಿಮೆ, ವಿಭೂತಿ ದಪ್ಪ. ಹಾನಗಲ್ಲಿಗೆ ವರ್ಗವಾಗಿ ಬಂದ ಹೊಸದರಲ್ಲಿ ಅವರ ಗದ್ದೆಗೆ ಹೋಗಿದ್ದೆ. ಬಾವಿಯ ಹತ್ತಿರ ನೀರು ಹಾಯಿಸಲು ಇಟ್ಟಿದ್ದ ದೋಣಿ, ಅಂದರೆ ಮರದ ಕಾಲುವೆ, ಬಗನಿಯದು. ಕಾಂಡವನ್ನು ಸೀಳಿ, ಒಳಗಿನ ಮೆತ್ತನೆಯ ತಿರುಳು ತೆಗೆದರೆ ದೋಣಿ ತಯಾರು. ಅಡುಗೆ ಮನೆಯ ಒನಕೆ ಬಗನಿಯದು. ಕೊಟ್ಟಿಗೆಯ ಜಂತಿ, ಎತ್ತು ಕಟ್ಟುವ ಗೂಟ ಎಲ್ಲ ಅದರದೇ. ಹೊರಗಿನ ಕಟ್ಟಿಗೆ ಕಬ್ಬಿಣ, ಒಳಗೆ ಹಿಟ್ಟು. ಬರಗಾಲದಲ್ಲಿ ಆ ಹಿಟ್ಟಿನ ಗಂಜಿ ಕುಡಿದವರನ್ನು ಅವರ ಅಜ್ಜಿ ಕಂಡಿದ್ದರಂತೆ. ಮತ್ತೆ ಅದರ ರಸದಿಂದ ಹೆಂಡ ಇಳಿಸುತ್ತಾರಲ್ಲ ಎಂದು ನಾನು ಕೇಳಿದೆ. ಗೌಡರು ಹೊಲದ ಕಡೆ ನೋಡಿದರು.

"ಅದನ್ನ ಆಚಾರ್ಯರು ಕೇಳಬಾರದು, ನಾವು ಹೇಳಬಾರದು" ಎಂದರು. ಆಮೇಲೆ ಬದುವಿನ ಒಂದು ಮರ ತೋರಿಸಿದರು. ಅದರ ನೆತ್ತಿಯಲ್ಲಿ ಹೂಗೊನೆ ಇಳಿಬಿದ್ದಿತ್ತು. "ಚಂದ ಕಾಣತೈತಿಲ್ಲ? ಅದರ ಕತಿ ಮುಗೀತು. ಬಗನಿ ತಲಿಯಿಂದ ಹೂ ಬಿಡಾಕ ಶುರು ಮಾಡಿತಂದ್ರ, ಮನಿ ಖಾಲಿ ಮಾಡಾಕತ್ತೈತಿ ಅಂತ ತಿಳೀರಿ. ಮ್ಯಾಲಿಂದ ಒಂದೊಂದ ಗಂಟು ಇಳಕೋಂತ ಬರತೈತಿ. ಬುಡದ ಗೊನಿ ಹಣ್ಣಾತಂದ್ರ ಗಿಡ ಹೋತು."

ನಾನು ಇದನ್ನು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ಗೌಡರು ಮನೆ ಖಾಲಿ ಮಾಡುವ ಮಾತು ಆಡಿದ ಮೇಲೆಯೇ ಅದು ತಲೆಯಲ್ಲಿ ನಿಂತದ್ದು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ನಾನು ಕೊನೆಯ ವರ್ಷಗಳನ್ನು ಕಳೆದ ಕಚೇರಿ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದರದು. ಯಾವುದು ಎಂದು ಹೇಳುವುದಿಲ್ಲ, ಹೇಳಿದರೆ ಉಳಿದ ಮೂರಕ್ಕೆ ಬೇಸರವಾದೀತು. ಅದರ ಗೇಟಿನ ಪಕ್ಕ ಒಂದು ಹಳೆಯ ಬಗನಿ ಮರ. ಮರದ ಕಾಂಡಕ್ಕೆ ತಗಡಿನ ಒಂದು ಮೂಲೆ ಕಟ್ಟಿ ನೀಲವ್ವ ಎನ್ನುವವಳು ಚಹಾ, ಗಿರ್ಮಿಟ್ ಮಾರುತ್ತಿದ್ದಳು. ಹಂಸಭಾವಿ ಕಡೆಯವಳು. ಗಂಡ ತೀರಿದ ಮೇಲೆ ಒಬ್ಬ ಮಗಳನ್ನು ಕಟ್ಟಿಕೊಂಡು ಬಂದು ಅಲ್ಲಿ ಒಲೆ ಹೂಡಿದ್ದಳು. ಮಗಳ ಸಾಲಿ, ಮನೆಯ ಒಲೆ ಎಲ್ಲ ಆ ಒಂದು ತಗಡಿನ ಕೆಳಗಿಂದಲೇ ನಡೆಯಬೇಕು. ಗ್ಲಾಸು ತೊಳೆದ ನೀರನ್ನು ಅವಳು ಮರದ ಬುಡಕ್ಕೆ ಚೆಲ್ಲುತ್ತಿದ್ದಳು. ಕಚೇರಿಯಲ್ಲಿ ಒಬ್ಬರಾದರೂ ಆ ಮರಕ್ಕೆ ನೀರು ಹಾಕಿದ್ದನ್ನು ನಾನು ಕಂಡಿಲ್ಲ.

ಒಂದು ವರ್ಷ ಬೇಸಿಗೆಯಲ್ಲಿ ಆ ಮರದ ನೆತ್ತಿಯಲ್ಲಿ ಗೊನೆ ಮೂಡಿತು. ಅದೇ ವರ್ಷ ಹೊಸಮನಿ ಸಾಹೇಬರೂ ಅಲ್ಲಿಗೆ ಬಂದು ನನಗೇ ಗಂಟು ಬಿದ್ದರು. ಬಂದವರು ಮರ ನೋಡಿ ಎದೆ ಉಬ್ಬಿಸಿದರು.

"ಇಷ್ಟು ವರ್ಷ ಬಿಡದಿದ್ದ ಹೂ ನಾ ಬಂದ ತಿಂಗಳಕ್ಕ ಬಿಟ್ಟೈತಿ, ನೋಡಿದ್ರಿ?"

"ಸಾಹೇಬ್ರ, ಇದು ಸಾಯಾಕತ್ತೈತ್ರಿ" ಎಂದೆ.

"ನಿಮಗ ಹೊಟ್ಟಿಕಿಚ್ಚು" ಎಂದರು.

ಪತ್ರಕರ್ತರನ್ನು ಕರೆಸಿದರು. ಮರಕ್ಕೆ ಮಾಲೆ ಹಾಕಿದರು. ಸಾಯುತ್ತಿರುವವರಿಗೆ ಸನ್ಮಾನ ಮಾಡುವ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇದೆ, ಮರಕ್ಕೆ ಮಾಡಿದ್ದು ಮಾತ್ರ ಹೊಸದು. ಆಮೇಲೆ ಮರದ ಸುತ್ತ ಟೈಲ್ಸ್ ಹಾಕಿದ ಕಟ್ಟೆ ಕಟ್ಟಿಸಬೇಕು, ಅದಕ್ಕಾಗಿ ಈ ಚಹಾದಂಗಡಿ ತೆಗೆಸಬೇಕು ಎಂದು ಹೊರಟರು. ಮೇಲಿನ ಕಚೇರಿಗೆ ಪ್ರಸ್ತಾವನೆ ಕಳಿಸಲು ನನಗೆ ಹೇಳಿದರು.

ನೀಲವ್ವ ಅವತ್ತು ನನಗೆ ಚಹಾ ಕೊಡುತ್ತ ಕೇಳಿದಳು. "ಬ್ಯಾರೆ ಕಡೆ ಎಲ್ಲಿ ಹೋಗ್ಲಿರಿ? ಸ್ಟ್ಯಾಂಡಿನ ಹತ್ರ ಇದ್ದೋರು ಕಾಲು ಊರಾಕ ಬಿಡಂಗಿಲ್ಲ. ನೀವರ ಒಂದ ಮಾತು ಹೇಳ್ರಿ."

ಮಾತು ಹೇಳಿದರೆ ನಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ನಮ್ಮಲ್ಲಿ ಬಾಯಿಂದ ಬಂದ ನಿಜಕ್ಕಿಂತ ಕಡತದಲ್ಲಿ ಬರೆದ ಅರ್ಧ ನಿಜಕ್ಕೆ ಬೆಲೆ ಹೆಚ್ಚು. ಪ್ರಸ್ತಾವನೆಯ ಕೆಳಗೆ ನಾನು ಒಂದು ಟಿಪ್ಪಣಿ ಸೇರಿಸಿದೆ. ಹೂ ಬಿಡುತ್ತಿರುವಾಗ ಬುಡ ಅಗೆದರೆ ಹೂ ನಿಲ್ಲುವ ಸಂಭವವಿದೆ, ಆದ್ದರಿಂದ ಮರವು ಹೂ ಬಿಡುವುದು ಪೂರ್ಣಗೊಂಡ ನಂತರ ಅಂಗಡಿ ತೆರವುಗೊಳಿಸಿ ಕಟ್ಟೆ ನಿರ್ಮಿಸುವುದು ಸೂಕ್ತ. ಸಾಹೇಬರು ಓದಿ ನಡುಗಿದರು. ಹೂ ನಿಂತರೆ ಅವರ ಕೀರ್ತಿ ನಿಂತಂತೆ. ನನ್ನ ಪೆನ್ನು ಇಸಿದುಕೊಂಡು ಸಹಿ ಮಾಡಿದರು.

ಒಂದು ಬಗನಿ ಹೂ ಬಿಟ್ಟು ಮುಗಿಸಲು ವರ್ಷಗಳೇ ಬೇಕು ಎಂದು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಹೊಸಮನಿ ಸಾಹೇಬರು ಆ ಗೊನೆಯ ಫೋಟೋವನ್ನು ಚೌಕಟ್ಟು ಹಾಕಿಸಿಕೊಂಡು ವರ್ಗವಾಗಿ ಹೋದರು. ಅವರ ಜಾಗಕ್ಕೆ ಬಂದವರ ಕಾಲದಲ್ಲಿ ಒಂದು ಗಂಟು ಕೆಳಗೆ ಎರಡನೆಯ ಗೊನೆ ಬಂತು. "ಹಿಂದಿನದು ಜೊಳ್ಳು, ಇದು ನೋಡ್ರಿ ಖರೇ ಗೊನಿ. ನನ್ನ ಜೀವಾಮೃತದ ಪ್ರಭಾವ" ಎಂದರು ಅವರು. ಸಗಣಿ, ಗಂಜಲದ ಆ ಗೊಬ್ಬರದ ನೀರನ್ನು ಅವರು ಒಮ್ಮೆ ಒಂದು ಲೋಟ ಸುರಿದಿದ್ದು ನಿಜ, ಅದೂ ಫೋಟೋಕ್ಕೆ. ಮೂರನೆಯವರು ಮೂರನೆಯ ಗೊನೆಯನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡರು. ಹೀಗೆ ಬಂದ ಒಬ್ಬೊಬ್ಬ ಸಾಹೇಬರಿಗೆ ಒಂದೊಂದು ಗೊನೆ. ಪ್ರತಿಯೊಬ್ಬರೂ ಕಟ್ಟೆ ಕಟ್ಟಿಸಲು ಹೊರಟು, ಕಡತದಲ್ಲಿ ನನ್ನ ಟಿಪ್ಪಣಿ ನೋಡಿ ಸುಮ್ಮನಾದರು.

ಈ ನಡುವೆ ಕೆಲಸದ ರೀತಿಯೇ ಬದಲಾಯಿತು. ಮೊದಲು ಸಸಿ ನೋಡಲು ನಾವು ಹೊಲಕ್ಕೆ ಹೋಗುತ್ತಿದ್ದೆವು. ಈಗ ಹೊಲವೇ ಮೊಬೈಲಿಗೆ ಬರುತ್ತದೆ. ನೆಟ್ಟ ಸಸಿಯ ಫೋಟೋ ಜಾಗದ ಗುರುತಿನ ಸಮೇತ ಆ್ಯಪಿಗೆ ಏರಿಸಬೇಕು. ಸಸಿ ಸತ್ತರೆ ಎಲ್ಲರೂ ಪಕ್ಕದ ಹಸಿರು ಗಿಡದ ಫೋಟೋ ಏರಿಸುತ್ತಾರೆ, ಜಾಗದ ಗುರುತು ಒಂದೇ ಇರುತ್ತದಲ್ಲ. ಇದನ್ನು ನಿಮಗೆ ತರಬೇತಿಯಲ್ಲಿ ಹೇಳಿರುವುದಿಲ್ಲ. ಹೇಳಿದವನು ನಾನು ಎಂದು ಹೇಳಬೇಡಿ.

ನೀಲವ್ವ ಮಾತ್ರ ಬೆಳಿಗ್ಗೆ ಒಲೆ ಹಚ್ಚುವ ಮೊದಲು ತಲೆ ಎತ್ತಿ ಮರ ನೋಡುತ್ತಿದ್ದಳು. ಮೊದಮೊದಲು ಕುತ್ತಿಗೆ ಹಿಂದಕ್ಕೆ ಬಾಗಿಸಬೇಕಿತ್ತು. ವರ್ಷ ಹೋದಂತೆ ಸ್ವಲ್ಪ ಕಣ್ಣೆತ್ತಿದರೆ ಸಾಕಾಗುತ್ತಿತ್ತು.

"ಸಾಹೇಬ್ರ, ಇನ್ನೂ ಗಂಟು ಉಳದಾವೇನ್ರಿ?"

"ಅದಾವ, ಅದಾವ. ಸಕ್ಕರಿ ಕಡಿಮಿ ಹಾಕು" ಎನ್ನುತ್ತಿದ್ದೆ. ಮಗಳು ಸಾಲಿ ಮುಗಿಸಿ ಕಾಲೇಜಿಗೆ ಹೋದಳು. ಗೊನೆ ಇಳಿಯುತ್ತಲೇ ಇತ್ತು.

ನಾನು ನಿವೃತ್ತನಾಗುವ ವರ್ಷ ಶೋಭಾ ಮೇಡಂ ಬಂದರು. ಎಳೆಯ ವಯಸ್ಸು, ಪೆನ್ನಿನಲ್ಲಿ ಶಾಯಿ ಇತ್ತು. ಆಗ ಕೊನೆಯ ಗೊನೆ ಚಹಾ ಕುಡಿಯುವವರ ತಲೆಗೆ ತಾಗುವಷ್ಟು ಕೆಳಗೆ ಬಂದಿತ್ತು, ಮೇಲಿನ ಎಲೆಗಳೆಲ್ಲ ಹಳದಿಯಾಗಿದ್ದವು. "ಇದಕ್ಕ ಏನಾಗೇತ್ರಿ?" ಎಂದು ಕೇಳಿದರು. ಸಾಯುತ್ತಿದೆ ಎಂದೆ. "ಹೌದ್ರಿ?" ಎಂದು ನಂಬಿಬಿಟ್ಟರು. ಮೇಲಧಿಕಾರಿಗಳು ಒಂದೇ ಸಲಕ್ಕೆ ನಂಬಿ ನನಗೆ ಅಭ್ಯಾಸವಿರಲಿಲ್ಲ. ಆದ್ದರಿಂದ ಇನ್ನೊಮ್ಮೆ ಹೇಳಿದೆ.

ಆದರೆ ನಂಬುವ ಅಧಿಕಾರಿ ಕಡತವನ್ನೂ ಓದುತ್ತಾರೆ. ಮರುದಿನ ನನ್ನನ್ನು ಕರೆದು ಆ ಟಿಪ್ಪಣಿ ಮುಂದೆ ಹಿಡಿದರು. "ಇದು ನಿಮ್ಮ ಅಕ್ಷರ ಅಲ್ಲೇನ್ರಿ? ಹೂ ಪೂರ್ತಿ ಆದ ಮ್ಯಾಲ ಅಂಗಡಿ ತೆಗಸಬೇಕಂತ ನೀವ ಬರದೀರಿ. ಕಟ್ಟಿ ಕಟ್ಟಾಕ ಮಂಜೂರಾತಿನೂ ಬಂದೈತಿ. ನಾ ಈಗ ಏನ್ ಮಾಡ್ಲಿ, ಹೇಳ್ರಿ."

ಇಷ್ಟು ವರ್ಷ ಅಂಗಡಿ ಕಾದ ನನ್ನ ಜಾಣತನವೇ ಈಗ ಅಂಗಡಿ ಎತ್ತಿಸಲು ನಿಂತಿತ್ತು. ನನಗೆ ಹೆದರಿಕೆಯಾಯಿತು. ನಾನು ಪೆನ್ಶನ್ ತೆಗೆದುಕೊಂಡು ಸವಣೂರಿಗೆ ಹೋಗಿ ಆರಾಮ ಕೂಡುವವನು. ನೀಲವ್ವ ಒಲೆ ಹೊತ್ತುಕೊಂಡು ಎಲ್ಲಿಗೆ ಹೋಗಬೇಕು? ಅವಳಿಗೆ ಯಾರೋ ಆಗಲೇ ಹೇಳಿದ್ದರು. ಅವತ್ತು ನಾನು ಹೇಳುವ ಮೊದಲೇ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿ ಕೊಟ್ಟಳು.

ಕೆಲವು ತಿಂಗಳಲ್ಲಿ ಆ ಗೊನೆಯೂ ಹಣ್ಣಾಗಿ ಮರ ಒಣಗಿತು, ರಸ್ತೆಗೆ ಬಿದ್ದೀತೆಂದು ಕಡಿಸಿದೆವು. ನೀಲವ್ವ ಅಂದು ಅಂಗಡಿಯ ತಗಡು ಬಿಚ್ಚಿ ಬದಿಗಿಟ್ಟು ದೂರ ನಿಂತಿದ್ದಳು. ಕರಿಯ ಗಟ್ಟಿ ಸೀಳುಗಳು ಬಿದ್ದ ಮೇಲೆ ಹತ್ತಿರ ಬಂದು, "ನಾಕು ಕಂಬಕ್ಕಾಗುವಷ್ಟು ನನಗ ಕೊಡ್ತಾರೇನು ಕೇಳ್ರಿ" ಎಂದಳು.

"ಕಂಬ ಎಲ್ಲಿ ನೆಡತೀ ನೀಲವ್ವ?"

"ನೀವು ಎಲ್ಲಿ ಅಂತೀರಿ ಅಲ್ಲಿ" ಎಂದಳು.

ನಾನು ಮುಖ ತಿರುಗಿಸಿ ಒಳಗೆ ಹೋದೆ. ಮೇಡಂ ಮೇಜಿನ ಮೇಲೆ ಮಂಜೂರಾತಿ ಪತ್ರ ಇತ್ತು. ಮರದ ಸುತ್ತ ಕಟ್ಟೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮರ ಇಲ್ಲ. ಕಟ್ಟೆ ಕಟ್ಟದಿದ್ದರೆ ಯಾಕೆ ಕಟ್ಟಲಿಲ್ಲ ಎಂದು ಕೇಳುತ್ತಾರೆ, ಕಟ್ಟಿದರೆ ಮರ ಎಲ್ಲಿ ಎಂದು ಕೇಳುತ್ತಾರೆ. ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಇಂಥ ಹೊತ್ತಿನಲ್ಲಿ ಹಳೆಯ ನೌಕರನಿಗೆ ಬೆಲೆ ಬರುತ್ತದೆ.

"ಮೇಡಂ, ಹೊಸಾ ಮರ ನೆಡೂಣ್ರಿ. ಇದರದ ಹಣ್ಣು ಬಿದ್ದು ಅಂಗಡಿ ಹಿಂದ ಸಸಿ ಎದ್ದಾವ" ಎಂದೆ. ಗ್ಲಾಸು ತೊಳೆದ ನೀರು ಹರಿಯುವಲ್ಲಿ ಪುಟ್ಟ ಬಗನಿಗಳು ಮೂಡಿದ್ದವು.

"ನೀರು ಹಾಕೋರು ಯಾರು? ಬೋರು ಬತ್ತೈತಿ. ತಿಂಗಳ ತಿಂಗಳ ಫೋಟೋ ಏರಸಬೇಕು, ಆಡು ತಿಂದ್ರ ನನ್ನ ಕೇಳತಾರ."

ಅದಕ್ಕೂ ಒಂದು ಟಿಪ್ಪಣಿ ಬರೆದೆ. ನನ್ನ ನೌಕರಿಯ ಕೊನೆಯ ಟಿಪ್ಪಣಿ ಅದು. ಹಳೆಯ ಮರದ ಜಾಗದಲ್ಲಿ ಅದೇ ಜಾತಿಯ ಸಸಿ ನೆಡಲಾಗುತ್ತಿದೆ. ಸಸಿಯು ಮೊದಲ ಹೂ ಬಿಡುವ ತನಕ ಅದಕ್ಕೆ ದಿನವೂ ನೀರು ಮತ್ತು ಕಾವಲು ಅಗತ್ಯ. ಈ ಕೆಲಸವನ್ನು ಪಕ್ಕದ ಚಹಾ ಅಂಗಡಿಯವರು ಮಾಡುತ್ತ ಬಂದಿರುವುದರಿಂದ, ಸಸಿಯು ಹೂ ಬಿಡುವವರೆಗೆ ಅಂಗಡಿಯನ್ನು ಅಲ್ಲಿಯೇ ಉಳಿಸಿ, ಅದನ್ನು ಬಿಟ್ಟು ಕಟ್ಟೆ ಕಟ್ಟುವುದು ಸೂಕ್ತ.

ಮೇಡಂ ಎರಡು ಸಲ ಓದಿದರು. "ಇದು ಹೂ ಬಿಡಾಕ ಎಷ್ಟು ವರ್ಷ ಬೇಕ್ರಿ?"

ನಾನು ಈ ಸಲ ನಿಜವನ್ನು ಅರ್ಧಕ್ಕೆ ನಿಲ್ಲಿಸಲಿಲ್ಲ. "ನೀವು ನಿವೃತ್ತಿ ಆಗೋ ಹೊತ್ತಿಗೆ ಬಿಟ್ರ ಬಿಟ್ಟೀತ್ರಿ" ಎಂದೆ.

ಅವರು ನನ್ನ ಮುಖ ನೋಡಿದರು, ಕಿಟಕಿಯಾಚೆ ನೋಡಿದರು, ತಮ್ಮದೇ ಪೆನ್ನು ತೆಗೆದು ಸಹಿ ಮಾಡಿದರು.

ನನ್ನ ಬೀಳ್ಕೊಡುಗೆಯ ದಿನ ಶಾಲು ಹೊದಿಸಿದರು, ಹಾರ ಹಾಕಿದರು. ಹೊಸಮನಿ ಸಾಹೇಬರು ಇಲ್ಲಿಗೂ ತಂದು ಜಾರಿ ಮಾಡಿದ್ದ ಹಣ್ಣಿನ ಆದೇಶವನ್ನು ಯಾರೂ ರದ್ದು ಮಾಡಿರದ ಕಾರಣ ಬುಟ್ಟಿಯಲ್ಲಿ ಬದನೆಕಾಯಿ ಇದ್ದವು. ಅದನ್ನು ಹಿಡಿದುಕೊಂಡು ಕೊನೆಯ ಚಹಾಕ್ಕೆಂದು ಗೇಟಿನ ಹತ್ತಿರ ಬಂದೆ. ಬಗನಿಯ ನಾಲ್ಕು ಕರಿ ಕಂಬಗಳ ಮೇಲೆ ತಗಡು ಕೂತಿತ್ತು. ಪಕ್ಕದ ಹೊಸ ಕಟ್ಟೆಯ ನಡುವೆ ಗೇಣುದ್ದದ ಸಸಿ. ನೀಲವ್ವ ಚಹಾ ಕೊಟ್ಟು, ಸಸಿಯ ಕಡೆ ಕೈ ಮಾಡಿ ಕೇಳಿದಳು.

"ಖರೇನ ಇದು ಹೂ ಬಿಡೋತನಕ ನನ್ನ ಯಾರೂ ಎಬ್ಬಸಂಗಿಲ್ಲೇನ್ರಿ?"

"ಎಬ್ಬಸಂಗಿಲ್ಲ."

ಅವಳು ನನ್ನ ಖಾಲಿ ಗ್ಲಾಸು ತೆಗೆದುಕೊಂಡಳು. "ಹಂಗಾರ ಇದಕ್ಕ ಗೊಬ್ಬರಾ ಹಾಕಬ್ಯಾಡ್ರಿ ಅಂತ ಮೇಡಂ ಅವರಿಗೆ ಹೇಳಿ ಹೋಗ್ರಿ" ಎಂದು, ನನ್ನ ಗ್ಲಾಸು ತೊಳೆದು ನೀರನ್ನು ಅದರ ಬುಡಕ್ಕೆ ಚೆಲ್ಲಿದಳು.